ಅಣ್ಣ ಕೇಳಿಸಿಕೊಂಡ ನನ್ನ ಸಾಕ್ಷಿ

ಕಳೆದ ಭಾನುವಾರ ಸಂಜೆ ನನ್ನ ಜೀವನದ ಕಥೆಯನ್ನು ಬಹಳ ಚೆನ್ನಾಗಿ ಹೇಳಿದೆ. ಅಷ್ಟು ಚೆನ್ನಾಗಿ ಹೇಳಬಾರದಿತ್ತು.

ನಮ್ಮ ತಾಲ್ಲೂಕು ಇನ್ನೂ ಕೊಯಮತ್ತೂರು ಜಿಲ್ಲೆಗೇ ಸೇರಿದೆ. ಅಲ್ಲಿಂದ ವರ್ಗದ ಆರ್ಡರು ಬಂದಾಗಿನಿಂದ ನಾನು ಹನೂರಿನಲ್ಲಿ ಮೇಷ್ಟ್ರು. ಇಲ್ಲಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ತಿಂಗಳಿಗೊಮ್ಮೆ ಸಾಕ್ಷಿ ಕೂಟ. ಯೇಸುಸ್ವಾಮಿಯನ್ನು ಅರಿಯುವ ಮೊದಲು ಹೇಗಿದ್ದೆವು, ಆಮೇಲೆ ಹೇಗಾದೆವು ಎಂದು ಎದ್ದು ನಿಂತು ಹೇಳಬೇಕು. (ಪಾಟೀಸವಾಲು ಇರುವುದಿಲ್ಲ. ಅದೇ ಅನುಕೂಲ.) ನನ್ನ ಸರದಿ ವರ್ಷಕ್ಕೊಮ್ಮೆ.

ಕುಡುಕರಾಗಿದ್ದವರಿಗೆ ಇದು ಸುಲಭ. ನನ್ನಂಥವನ ಪಾಡೇನು? ಕೊಳ್ಳೇಗಾಲದ ರೇಷ್ಮೆ ನೇಕಾರರ ಮನೆಯವನು. ಕುಡಿದವನಲ್ಲ, ಕದ್ದವನಲ್ಲ. ಟೈಫಾಯಿಡ್ ಬಂದು ಮಲಗಿದ್ದಾಗ ಮಿಷನ್ ಆಸ್ಪತ್ರೆಯ ನರ್ಸಮ್ಮ ಓದಿ ಹೇಳಿದ ಸುವಾರ್ತೆ ಮನಸ್ಸಿಗೆ ನಾಟಿತು. ನಾನು ಬದುಕಿ ಉಳಿದದ್ದಕ್ಕೂ ಒಂದು ಅರ್ಥವಿದೆ ಅನ್ನಿಸಿತು. ದೀಕ್ಷಾಸ್ನಾನ ಪಡೆದೆ. ನಂಜುಂಡ ಹೋಗಿ ಯೋಹಾನನಾದೆ. ಇಷ್ಟಕ್ಕೆ ಕೂಟದಲ್ಲಿ ಯಾರು "ಸ್ತೋತ್ರ" ಎಂದು ಕೂಗುತ್ತಾರೆ?

ಮನೆ ಬಿಟ್ಟ ದಿನ ಅಣ್ಣನೂ ನಾನೂ ಮಗ್ಗದ ಮುಂದೆ ಕೂತು, ಹೊಸ ಹಾಸಿನ (ಉದ್ದ ನೂಲಿನ) ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಕೂಡಿಸುತ್ತಿದ್ದೆವು. ಸಾವಿರಾರು ಎಳೆ. ಇಬ್ಬರ ಕೆಲಸ. "ನೀರು ಕುಡ್ದು ಬತ್ತೀನಿ" ಎಂದು ಅರ್ಧದಲ್ಲೇ ಎದ್ದವನು ಮಿಷನ್ ಕಂಪೌಂಡಿಗೆ ಹೋಗಿಬಿಟ್ಟೆ. ಮೂರನೆಯ ದಿನ ಅಣ್ಣ ನನ್ನ ಬಟ್ಟೆಗಳನ್ನು ಒಗೆದು, ಮಡಿಸಿ, ಗೇಟಿನವನ ಕೈಗೆ ಕೊಟ್ಟುಹೋದ.

ಮೊದಲ ಸಾಕ್ಷಿಯಲ್ಲಿ ಹಾಗೆಯೇ ಹೇಳಿದೆ. ಯಾರೂ ಅಲುಗಲಿಲ್ಲ. ಮರುವರ್ಷದ ಸಾಕ್ಷಿಯಲ್ಲಿ ಅಣ್ಣ ಬಟ್ಟೆಯನ್ನು ಗೇಟಿನ ಬಳಿ ಇಟ್ಟುಹೋದ. ಅದರ ಮರುವರ್ಷ ಎಸೆದುಹೋದ. ಈಚೆಗೆ ನನ್ನನ್ನು ಹೊಡೆದು, ಬಟ್ಟೆಯನ್ನು ಬೀದಿಗೆ ಬಿಸಾಡಿ, ಬಾಗಿಲು ಹಾಕಿಕೊಳ್ಳುತ್ತಾನೆ! ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ನಂಬುತ್ತೀರಾ?

ಭಾನುವಾರವೂ ಕಣ್ಣೊರೆಸಿಕೊಂಡರು. ಕೂಟ ಮುಗಿಸಿ ಹೊರಗೆ ಬಂದರೆ, ಬಾಗಿಲ ಪಕ್ಕದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅಣ್ಣ ನಿಂತಿದ್ದಾನೆ. ಹದಿನೆಂಟು ವರ್ಷದ ಮೇಲೆ! ಮಗಳ ಮದುವೆಗೆ ಕರೆಯಲು ಬಸ್ಸಿನಲ್ಲಿ ಬಂದವನು, ನಾನು ಒಳಗಿದ್ದೇನೆಂದು ತಿಳಿದು ಅಲ್ಲೇ ಕಾದಿದ್ದ.

"ಯಾವಾಗ ಬಂದೆ ಅಣ್ಣಾ?"

"ನೀನು ಯೋಳಕ್ಕೆ ಎದ್ದಾಗ."

ಅವನು ಲಗ್ನಪತ್ರಿಕೆಯನ್ನು ಕೈಗಿಟ್ಟ. ಕರೆಯುವವರ ಸಾಲಿನಲ್ಲಿ ಅವನ ಹೆಸರಿನ ಕೆಳಗೆ ನನ್ನದೂ ಅಚ್ಚಾಗಿತ್ತು. ನಂಜುಂಡ ಎಂದೇ.

"ನಾನು ನಿಂಗೆ ಯಾವತ್ಲಾ ಒಡೆದೆ, ನಂಜಾ? ನೀನು ಎದ್ದೋದ್ ಮ್ಯಾಲೆ ಎಲ್ಡು ದಿನ ಒಬ್ನೇ ಕೂತ್ಕಂಡು ಎಳೆ ಕೂಡಿಸ್ದೆ ಕಣ್ಲಾ. ಒಂದು ಮಾತು ಬೈನಿಲ್ಲ. ನಿನ್ ದೇವ್ರು ಒಳ್ಳೇನು ಅನ್ನಕ್ಕೆ ನಾನು ಕೆಟ್ಟೋನಾಗ್ಬೇಕಿತ್ತಾ?"

ನನ್ನ ದೇವರು ಒಳ್ಳೆಯವನೇ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆತನ ಬೆಳಕು ಎದ್ದು ಕಾಣಲೆಂದು ಅಣ್ಣನ ಮುಖಕ್ಕೆ ಮಸಿ ಬಳಿದವನು ನಾನು. ಹಾಗೆ ಮಾಡೆಂದು ಆತ ನನ್ನನ್ನು ಕೇಳಿರಲಿಲ್ಲ.

ನಮ್ಮ ಕಡೆ ಪತ್ರಿಕೆ ಕೊಟ್ಟರಷ್ಟೇ ಸಾಲದು. ಬಾಯಿಬಿಟ್ಟು "ಬಾ" ಎಂದರೇನೇ ಕರೆದ ಹಾಗೆ. ಅಣ್ಣ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ.

ಹೇಳಿಕೊಳ್ಳಲು ನನ್ನದೇ ಆದ ಒಂದು ಪಾಪ ಇಲ್ಲವಲ್ಲ ಎಂದು ಇಷ್ಟು ವರ್ಷ ಕೊರಗುತ್ತಿದ್ದೆ. ಈಗ ಇದೆ. ಮದುವೆ ಗುರುವಾರ.

ಕರೆಯದ ಮನೆಗೆ ಹೋಗಿ, ನೆಂಟರೆಲ್ಲರ ಮುಂದೆ ಎದ್ದು ನಿಂತು ಅದನ್ನು ಹೇಳುವಷ್ಟು ಕ್ರೈಸ್ತ ನಾನಾಗಿದ್ದೇನೆಯೇ?