ಮಣಿಸರದ ಅಕ್ಕನ ಹಳೆಯ ಫೋನು

ಅಕ್ಕನ ಬಲಗೈ ಹೆಬ್ಬೆರಳು ಸವೆದು ನುಣ್ಣಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ನೈಲಾನ್ ದಾರ ಎಳೆದು ಮಣಿ ಪೋಣಿಸಿದ ಬೆರಳು. ಫೋನಿನ ಗಾಜಿಗೆ ಅದರ ಗುರುತೇ ಸಿಗುತ್ತಿರಲಿಲ್ಲ. ಹಾಗಾಗಿ ಕಿರುಬೆರಳಿನಿಂದ ಒತ್ತುತ್ತ, "ಬಾರೋ ನಮ್ಮಪ್ಪಾ, ಬಾರೋ" ಎಂದು ಫೋನನ್ನು ರಮಿಸುತ್ತಿದ್ದಳು.

ಗೋವಾದ ದಾಬೋಲಿಮ್‌ನ ಚಾಳಿನಲ್ಲಿ ಅವಳ ಖೋಲಿಗೂ ನಮ್ಮ ಖೋಲಿಗೂ ನಡುವೆ ಒಂದೇ ಗೋಡೆ. ವಿಜಯಪುರದ ಕಡೆಯಿಂದ ಬಂದು ಸಮುದ್ರದಂಡೆಯಲ್ಲಿ ಮಣಿಸರ ಮಾರುತ್ತಿದ್ದಳು. ನಮ್ಮವ್ವ ಕಟ್ಟಡದ ಕೆಲಸಕ್ಕೆ ಹೋದಾಗ ನನಗೆ ರೊಟ್ಟಿ ಹಾಕಿದವಳು, ತಮ್ಮಾ ಎಂದು ಕರೆದವಳು. ಚಾಳಿಗೆ ನೀರಿನ ಟ್ಯಾಂಕರ್ ಬಂದರೆ ಕೊಡಗಳಿಗೆ ಪಾಳಿ ಹಚ್ಚುವವಳೂ ಅವಳೇ.

ನಾನು ಪಣಜಿಯ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟುಗಳನ್ನು ಪರೀಕ್ಷಿಸುತ್ತೇನೆ. ಎಷ್ಟು ಬೇಗ ತೆರೆಯುತ್ತದೆ, ಸಾವಿರಾರು ಜನ ನುಗ್ಗಿದರೆ ತಡೆಯುತ್ತದೆಯೇ ಎಂದು ನೋಡುವ ಕೆಲಸ. ದಂಡೆಯ ಮೇಲೆ ಕೂತು ಮಾರುವ ಜಾಗಕ್ಕೆ ಇನ್ನು ಆನ್‌ಲೈನ್ ಅರ್ಜಿ, ಮೊದಲು ಬಂದವರಿಗೆ ಮೊದಲು ಎಂದಾಯಿತು. ಆ ಸೈಟು ನಮ್ಮ ಕೈಗೆ ಬಂತು. ಜಾಗ ಸಿಗದವರು ಬುಟ್ಟಿ ಹೊತ್ತು ಬಿಸಿ ಮರಳಲ್ಲಿ ತಿರುಗಬೇಕು. ಅಕ್ಕನ ಮೊಣಕಾಲುಗಳು ಆಗಲೇ ಸೋತಿದ್ದವು.

ಅವಳ ಫೋನಿನಲ್ಲಿ ಸೈಟು ತೆರೆದು ತೋರಿಸಿದೆ. ಚಹಾ ಕುದಿಯುವಷ್ಟು ಹೊತ್ತು ಹಿಡಿಯಿತು. ಮೇಲೊಂದು ಸಮುದ್ರದ ದೊಡ್ಡ ಚಿತ್ರ.

"ಸಮುದ್ರ ನಾವು ದಿನಾ ನೋಡತೀವಲ್ಲೋ. ಅದನ್ನ ತಗಿ, ಫಾರ್ಮ್ ಮೊದಲ ಬರಲಿ."

ತೆಗೆಸಿದೆ, ಪುಟ ಥಟ್ಟನೆ ತೆರೆಯಿತು. ಕಚೇರಿಯಲ್ಲಿ ಅದು ನನ್ನದೇ ತಲೆ ಎಂದು ಶಭಾಸ್‌ಗಿರಿ ಪಡೆದೆ.

ನನ್ನ ಪರೀಕ್ಷೆಯಲ್ಲಿ ಜನ ಸ್ವಲ್ಪಸ್ವಲ್ಪವಾಗಿ ಹೆಚ್ಚುತ್ತಾರೆ ಎಂದು ವಿವರಿಸಿದಾಗ ಅಕ್ಕ ನಕ್ಕಳು. "ಹಂಗ ಯಾರ್ ಬರತಾರೋ? ಟ್ಯಾಂಕರ್ ಬಂದಾಗ ನಮ್ಮ ಮಂದಿ ಒಬ್ಬೊಬ್ಬರಾಗಿ ಬರತಾರೇನು? ಗಂಟಿ ಹೊಡಿಯೂದ ತಡ, ಎಲ್ಲಾರೂ ಒಮ್ಮಿಗೇ ಬೀಳತಾರ. ಬರಲಿಲ್ಲಂದ್ರ ಮತ್ತ ಮತ್ತ ಒತ್ತತಾರ."

ಕಂಪ್ಯೂಟರ್ ಓದಿದವನಿಗೆ ಮಣಿಸರ ಮಾರುವವಳು ಪಾಠ ಹೇಳುವುದೇ? ಸೊಕ್ಕು ನೋಡಿ ನನ್ನದು. ಪರೀಕ್ಷೆ ಪಾಸು ಎಂದು ಬರೆದುಕೊಟ್ಟೆ.

ಅರ್ಜಿ ಶುರುವಾಗುವ ದಿನ ಬೆಳಿಗ್ಗೆ ಹತ್ತು ಹೊಡೆಯಿತು, ಸೈಟು ಮಲಗಿತು. ಅಕ್ಕನ ಕರೆ ಬಂತು.

"ತಮ್ಮಾ, ಬರೇ ಚಕ್ರ ತಿರಗಾಕತ್ತೈತಿ. ಸೈಟ ಕೆಟ್ಟೈತೇನು?"

ನನ್ನ ಹಿಂದೆ ಸಾಹೇಬರು ನಿಂತಿದ್ದರು. ಚಾಳಿಗೆಲ್ಲ ಸುದ್ದಿಯಾದೀತೆಂಬ ಹೆದರಿಕೆ ಬೇರೆ. "ಸೈಟ್ ಚಲೋ ಐತಿ ಅಕ್ಕಾ. ನಿನ್ನ ಫೋನ ಹಳೇದಾಗೇತಿ" ಎಂದುಬಿಟ್ಟೆ.

ನನ್ನ ಮಾತು ಅವಳಿಗೆ ವೇದವಾಕ್ಯ. ನನಗೆ ಹೇಳಿಯೇ, ತನ್ನ ಫೋನನ್ನು ಮನೆಯಲ್ಲೇ ಬಿಟ್ಟು, ತಂಗಿಯ ಮಗಳ ಹೊಸ ಫೋನು ಕೇಳಲು ಬಸ್ಸು ಹತ್ತಿ ವಾಸ್ಕೋಗೆ ಹೋದಳು. ಅರ್ಧ ಗಂಟೆಯಲ್ಲಿ ನಾವು ಸೈಟು ಎಬ್ಬಿಸಿದೆವು. ತಂಗಿಯ ಮಗಳಿಗಾದರೂ ಒಂದು ಫೋನು ಮಾಡಿ ತಿಳಿಸಬಹುದಿತ್ತು. ತಿಳಿಸಿದರೆ ಸುಳ್ಳು ಬಯಲಾಗುತ್ತಿತ್ತು. ತಿಳಿಸಲಿಲ್ಲ. ಅವಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಜಾಗಗಳೆಲ್ಲ ಮುಗಿದಿದ್ದವು. ಮನೆಯಲ್ಲೇ ಕೂತು ಒತ್ತುತ್ತಿದ್ದ ಚಾಳಿನ ಹೆಂಗಸರಿಗೆ ಸಿಕ್ಕಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋಗಲೇ ಇಲ್ಲ, ನಾಚಿಕೆಯಾಗುವುದು ಅದಕ್ಕೇ. ಆ ಹಂಗಾಮು ಪೂರ್ತಿ ಅಕ್ಕ ಬುಟ್ಟಿ ಹೊತ್ತು ಕುಂಟುತ್ತ ತಿರುಗಿದಳು. ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಾಗ ಪಕ್ಕದವಳೊಬ್ಬಳು, "ಸೈಟ ಬಿದ್ದಿತ್ತಂತಲ್ಲ ಅವತ್ತ?" ಎಂದಳು. ಅಕ್ಕ ಸಿಟ್ಟಾದಳು. "ನಮ್ಮ ತಮ್ಮ ಸುಳ್ಳ ಹೇಳತಾನೇನು? ನನ್ನ ಡಬ್ಬಾ ಫೋನಿಂದ ತಪ್ಪು." ಅವಳು ಕೊಟ್ಟ ಚಹಾ ಹಿಡಿದು ನಾನು ಅಲ್ಲೇ ಕೂತಿದ್ದೆ. ಕುಡಿದು ಮುಗಿಸಿದೆ.

ಈಗ ನನ್ನ ಪ್ರತಿ ಪರೀಕ್ಷೆಯಲ್ಲೂ ಜನ ಒಮ್ಮೆಲೇ ಬೀಳುತ್ತಾರೆ, ಮತ್ತೆ ಮತ್ತೆ ಒತ್ತುತ್ತಾರೆ. ಕಚೇರಿಯಲ್ಲಿ ಹೊಗಳುತ್ತಾರೆ. ಕಲಿಸಿದವರು ಯಾರೆಂದು ಅಲ್ಲೂ ಹೇಳಿಲ್ಲ.

ಕಳೆದ ಮಳೆಗಾಲ ಅಕ್ಕ ಜ್ವರದಿಂದ ಆಸ್ಪತ್ರೆ ಸೇರಿದಳು. ನೋಡಲು ಹೋದಾಗ ಫೋನನ್ನು ನನ್ನ ಕೈಗಿಟ್ಟು, "ಊರಾಗ ಅಣ್ಣಗ ಹಚ್ಚಿ ಕೊಡು. ಇದರ ಭರೋಸಾ ಇಲ್ಲ" ಎಂದಳು. ಒಂದೇ ಸಲಕ್ಕೆ ಕರೆ ಹತ್ತಿತು. ಬಹಳ ಹೊತ್ತು ಮಾತಾಡಿದಳು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೇ ಇದ್ದೆ. ಎರಡು ದಿನಕ್ಕೆ ಹೋಗಿಬಿಟ್ಟಳು.

ಹೇಳಬೇಕಾಗಿದ್ದುದು ಇಷ್ಟೇ: ಅಕ್ಕಾ, ನಿನ್ನ ಫೋನ ಚಲೋ ಇತ್ತು.