ಮೂರು ವಾರಕ್ಕೊಂದು ಇಂಜೆಕ್ಷನ್

ಮದುವೆಯಾದ ಎರಡನೆಯ ವರ್ಷ ನನ್ನ ಗಂಡನಿಗೆ ಇಂಜೆಕ್ಷನ್ ಶುರುವಾಯಿತು. ಎಪ್ಪತ್ತರ ದಶಕದ ಮಾತು. ಆಗ ನಾವು ವಿಜಯನಗರದ ಬಾಡಿಗೆ ಮನೆಯಲ್ಲಿದ್ದೆವು. ಗಂಡ, ನಾನು, ಮತ್ತೆ ತಮ್ಮ ಮಗನ ಜೊತೆ ಇರಲೆಂದು ದಾವಣಗೆರೆ ಕಡೆಯಿಂದ ಬಂದಿದ್ದ ಅತ್ತೆ. ಗಂಡನಿಗೆ ಮೂವತ್ತು ದಾಟಿತ್ತು, ಗಡ್ಡ ಮಾತ್ರ ಅಲ್ಲೊಂದು ಇಲ್ಲೊಂದು. ಕಾರ್ಖಾನೆಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಮಲಗುವ ಜಾಗ ಹುಡುಕುತ್ತಿದ್ದರು. ಸೋಮಾರಿತನವೆಂದು ನಾನು ಬೈದೂ ಬೈದೂ ಸಾಕಾಗಿ, ಕೊನೆಗೆ ರಾಜಾಜಿನಗರದ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಹುಡುಗನಾಗಿದ್ದಾಗ ಬಂದ ಮಂಗನಬಾವು ಕೆನ್ನೆಯಿಂದ ಕೆಳಗಿಳಿದು ವೃಷಣಗಳನ್ನು ಕೆಡಿಸಿಬಿಟ್ಟಿತ್ತು. ಗಂಡಸಿನ ಮೈಯಲ್ಲಿ ಇರಬೇಕಾದ ಹಾರ್ಮೋನು ಇವರಲ್ಲಿ ತಯಾರಾಗುತ್ತಿರಲಿಲ್ಲ.

"ಮೂರು ವಾರಕ್ಕೊಂದು ಇಂಜೆಕ್ಷನ್ ತಗೋಬೇಕು. ತಪ್ಪಿಸೋ ಹಾಗಿಲ್ಲ. ಶಕ್ತಿ ಬರುತ್ತೆ, ಗಡ್ಡ ಬರುತ್ತೆ, ಮನಸ್ಸೂ ಸರಿಹೋಗುತ್ತೆ. ಆದ್ರೆ ಮಗು ಆಗಲ್ಲಮ್ಮ. ಇಂಜೆಕ್ಷನ್ ತಗೊಂಡ್ರೂ ಆಗಲ್ಲ, ಬಿಟ್ರೂ ಆಗಲ್ಲ" ಎಂದರು.

ಬಸ್ ಸ್ಟಾಪಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಇವರು ಕರ್ಚೀಫು ಕೊಟ್ಟು, ಸಮಾಧಾನದ ಮಾತೇನೋ ಹೇಳುತ್ತಾರೆಂದು ನಾನು ಕಾದರೆ, "ಅವ್ವಂಗೆ ಹೇಳ್ಬೇಡ ಕಣೇ" ಎಂದರು. ಮನೆಗೆ ಬಂದು, ಅದು ಶಕ್ತಿಯ ಇಂಜೆಕ್ಷನ್ ಎಂದು ಅತ್ತೆಗೆ ತಾವೇ ಹೇಳಿದರು.

ಶಕ್ತಿಯೇನೋ ಬಂತು. ಆದರೆ ಎಂಥಾ ಶಕ್ತಿ! ಇಂಜೆಕ್ಷನ್ ಆದ ವಾರ ಮನೆಯಲ್ಲಿ ಶಿಳ್ಳೆಯೇ ಶಿಳ್ಳೆ. ಬಸ್ ಕಂಡಕ್ಟರನ ಜೊತೆ ಜಗಳ, ತರಕಾರಿಯವನ ಜೊತೆ ಜಗಳ, ಒಂದು ಸೇರು ಅಕ್ಕಿಯ ಅನ್ನ ಸಾಲದು. ಮೂರನೆಯ ವಾರ ಬರುವ ಹೊತ್ತಿಗೆ ಗಾಳಿ ಹೋದ ಟ್ಯೂಬಿನಂತೆ ಮೂಲೆ ಸೇರಿ, ರೇಡಿಯೋದಲ್ಲಿ ಯಾರೋ ಸತ್ತ ಸುದ್ದಿ ಬಂದರೂ ಕಣ್ಣೀರು. ಏರುವಾಗಲೂ ನಾನೇ ಅನುಭವಿಸಬೇಕು, ಇಳಿಯುವಾಗಲೂ ನಾನೇ. ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ನಕ್ಕು, ಡೋಸು ಕಡಿಮೆ ಮಾಡಿ ಬೇಗ ಬೇಗ ಕೊಡೋಣ, ಆಗ ಒಂದೇ ಸಮನಾಗಿರುತ್ತೆ ಎಂದರು. ಹಾಗೆಯೇ ಆಯಿತು. ಕೆಲವು ತಿಂಗಳಲ್ಲಿ ಮೀಸೆ ದಟ್ಟವಾಗಿ, ತೋಳು ತುಂಬಿಕೊಂಡು, ಮಾತು ಹದಕ್ಕೆ ಬಂತು. ಮನೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎನ್ನಿಸಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇವರ ಕೆನ್ನೆಯ ಮೇಲೆ ನಾಲ್ಕು ಮೊಡವೆ ಎದ್ದವು. ಅತ್ತೆ ಮಗನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ ತೀರ್ಪು ಕೊಟ್ಟರು.

"ಉಷ್ಣ ಆಗೈತವ್ವಾ. ಆ ಸೂಜಿ ಮದ್ದು ಭಾಳ ಉಷ್ಣ. ಇವನ ಮೈ ಕುದೀತೈತಿ, ನಿನ್ನ ಮೈ ನೋಡಿದ್ರ ಬರೀ ಶೀತ. ಹಿಂಗಿದ್ರ ಮಗು ಹೆಂಗಾಗ್ತತಿ?"

ಅಲ್ಲಿಂದ ನನ್ನ ಕರ್ಮ ಶುರು. ಮಗನನ್ನು ತಣ್ಣಗೆ ಮಾಡಬೇಕು, ಸೊಸೆಯನ್ನು ಬಿಸಿ ಮಾಡಬೇಕು. ಇವರಿಗೆ ಬೂದುಗುಂಬಳದ ಪಲ್ಯ, ಹೆಸರುಬೇಳೆ, ನೀರು ಮಜ್ಜಿಗೆ, ನೆತ್ತಿಗೆ ಅಂಗಾಲಿಗೆ ಹರಳೆಣ್ಣೆ. ನನಗೆ ಹುರುಳಿ ಕಟ್ಟಿನ ಸಾರು, ಬೆಳ್ಳುಳ್ಳಿ, ಒಣಶುಂಠಿ ಕಷಾಯ, ಬೆಳಗೆದ್ದರೆ ಎಳ್ಳುಂಡೆ. ಒಂದೇ ಒಲೆಯ ಮೇಲೆ ಎರಡು ಅಡುಗೆ, ಎರಡನ್ನೂ ಮಾಡುವವಳು ನಾನು. ಬೇಸಿಗೆಯಲ್ಲಿ ನನ್ನ ಬಾಯಿ ಹುಣ್ಣಾಗಿ ನೀರು ಕುಡಿದರೂ ಉರಿ. ಗಂಡ ಎದುರಿಗೆ ಕೂತು ಸೌತೆಕಾಯಿ ಕಚ್ಚುತ್ತಾ ನನ್ನ ಮುಖ ನೋಡಿ ತಲೆ ತಗ್ಗಿಸುತ್ತಿದ್ದರು. ಒಂದು ಮಾತು ಆಡಿದ್ದರೆ ನನ್ನ ನಾಲಿಗೆ ಉಳಿಯುತ್ತಿತ್ತು.

ಒಂದು ದಿನ ನೋಡಿದರೆ ಇವರು ಮತ್ತೆ ಮೂಲೆ ಸೇರಿದ್ದಾರೆ. ಬೆವರು, ಸುಸ್ತು, ಕೆಲಸಕ್ಕೆ ರಜೆ. ಡೋಸು ಸಾಲದಾಯಿತೇನೋ ಎಂದು ಕೇಳಲು ಡಾಕ್ಟರ ಹತ್ತಿರ ಹೋದೆ.

"ಅವ್ರು ಬಂದೇ ತುಂಬಾ ದಿನ ಆಯ್ತಲ್ಲಮ್ಮ" ಎಂದರು ಡಾಕ್ಟರು. ಮನೆಗೆ ಬಂದು ಇವರನ್ನು ಹಿಡಿದು ಕೇಳಿದೆ.

ಇಂಜೆಕ್ಷನ್‌ಗೆಂದು ಮನೆಯಿಂದ ಹೊರಟವರು ಆರ್‌ಪಿಸಿ ಲೇಔಟಿನ ಕಡೆ ಒಂದು ಸುತ್ತು ಹಾಕಿಕೊಂಡು ವಾಪಸ್ ಬರುತ್ತಿದ್ದರಂತೆ! ಸೂಜಿ ಬಿಟ್ಟು ಮೈ ತಂಪು ಮಾಡಿಕೊಂಡರೆ ಮೊಮ್ಮಗು ಬರುತ್ತದೆ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು. ಇವರು ಒಪ್ಪಿಕೊಂಡಿದ್ದರು. ಆಗುವುದಿಲ್ಲ ಎಂದು ಗೊತ್ತಿದ್ದೂ ಒಪ್ಪಿಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವ್ವ ಅಷ್ಟು ಆಸೆ ಇಟ್ಕೊಂಡಿದಾಳೆ. ಹೆಂಗೆ ಹೇಳ್ಲಿ?" ಎಂದರು.

"ಬಾಯಲ್ಲಿ ಹೇಳಿ. ನನ್ನ ಬಾಯಿ ಸುಟ್ಟುಹೋಗಿದೆ, ನಿಮ್ದು ಚೆನ್ನಾಗಿದೆಯಲ್ಲ! ಬೀದಿಯಲ್ಲಿ ನನ್ನನ್ನ ಬಂಜೆ ಅಂತಿದಾರೆ ರೀ. ನಾಳೆ ಇಂಜೆಕ್ಷನ್ ತಗೋಬೇಕು, ಅತ್ತೆಗೂ ನೀವೇ ಹೇಳ್ಬೇಕು. ಇಲ್ದಿದ್ರೆ ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ" ಎಂದೆ. ಬರೀ ಬೆದರಿಕೆಯಾಗಿರಲಿಲ್ಲ. ಸೀರೆಗಳನ್ನು ಮಡಿಸಿಯೂ ಇಟ್ಟಿದ್ದೆ.

ಇಂಜೆಕ್ಷನ್ ಮತ್ತೆ ಶುರುವಾಯಿತು. ಮನುಷ್ಯ ಎದ್ದು ಕೂತ ಮೇಲೆ, ಒಂದು ಭಾನುವಾರ ಬೆಳಗ್ಗೆ ಅತ್ತೆಯ ಪೂಜೆ ಮುಗಿಯುವುದನ್ನೇ ಕಾದು, ತಾಯಿಯ ಎದುರು ಕೂತು ಎಲ್ಲ ಹೇಳಿದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ.

ಅತ್ತೆ ಮಗನ ಗದ್ದ ಹಿಡಿದು ಮುಖ ಎತ್ತಿ ನೋಡಿದರು. ಆಮೇಲೆ, "ಮಂಗನಬಾವು ಬಂದಾಗ ಗದ್ದಕ್ಕ ನಾನೇ ಪಟ್ಟು ಹಾಕಿದ್ನಲ್ಲೋ. ಕೆಳಗೂ ಬಾತೈತಿ ಅಂತ ಯಾಕ ಹೇಳ್ಲಿಲ್ಲ?" ಎಂದರು.

"ನಾಚಿಕೆ ಆತವ್ವಾ" ಎಂದರು ಇವರು.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರ ಮೇಲಿದ್ದ ನನ್ನ ಕೋಪ ಅರ್ಧ ಅಲ್ಲೇ ಇಳಿಯಿತು. ಅಂದಿನಿಂದ ಎಲ್ಲರಿಗೂ ಒಂದೇ ಅಡುಗೆ. ಅತ್ತೆ ನನಗೆ ತಾವೇ ಮೊಸರನ್ನ ಕಲಸಿ ಕೊಟ್ಟರು. ಆದರೆ ಮನೆಯೊಳಗೆ ಸರಿಯಾದದ್ದು ಬೀದಿಗೆ ಹೇಗೆ ಗೊತ್ತಾಗಬೇಕು?

ಶ್ರಾವಣದಲ್ಲಿ ಎದುರುಮನೆಯಾಕೆ ಕುಂಕುಮಕ್ಕೆ ಬಂದರು. ಬಾಗಿಲು ದಾಟಿ ಕೂರುವ ಮೊದಲೇ ನನ್ನ ಹೊಟ್ಟೆಯ ಕಡೆ ನೋಡಿ, "ಇನ್ನೂ ಏನೂ ವಿಶೇಷ ಇಲ್ವಾ? ಕೆಂಗೇರಿ ಹತ್ರ ಒಬ್ರು ಔಷಧಿ ಕೊಡ್ತಾರೆ, ಇವಳನ್ನ ಕರ್ಕೊಂಡು ಹೋಗ್ರಮ್ಮ" ಎಂದು ಅತ್ತೆಗೆ ಹೇಳಿದರು. ಅತ್ತೆ ಮಗನ ಕಡೆ ನೋಡಿದರು. ನಾನು ಕುಂಕುಮದ ತಟ್ಟೆ ಮುಂದೆ ಹಿಡಿದೆ.

ಆಗ ಪೇಪರು ಓದುತ್ತಿದ್ದ ನನ್ನ ಗಂಡ ಅದನ್ನು ಮಡಚಿಟ್ಟು ಎದ್ದು ನಿಂತರು. ಧ್ವನಿ ಒಂದಿಷ್ಟೂ ನಡುಗಲಿಲ್ಲ.

"ಅವಳಿಗೇನೂ ಆಗಿಲ್ಲ ರೀ. ತೊಂದರೆ ಇರೋದು ನಂದು. ನನ್ನಿಂದ ಮಗು ಆಗಲ್ಲ ಅಂತ ಡಾಕ್ಟರೇ ಹೇಳಿದಾರೆ."

ನನ್ನ ಎದೆ ತುಂಬಿಬಂತು. ಇಷ್ಟು ದಿನ ಕಾದದ್ದು ಈ ಮಾತಿಗೇ ಅನ್ನಿಸಿತು.

ಎದುರುಮನೆಯಾಕೆ ಇವರ ದಟ್ಟ ಮೀಸೆಯನ್ನು, ಅಗಲ ಭುಜವನ್ನು, ತುಂಬಿದ ತೋಳನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೈ ಹಿಡಿದುಕೊಂಡರು.

"ಎಂಥಾ ಪುಣ್ಯವಂತೆ ಕಣೇ ನೀನು! ಇಂಥಾ ಗಂಡಸು, ಹೆಂಡತಿ ಕೊರತೇನ ತನ್ನ ತಲೆ ಮೇಲೆ ಹಾಕ್ಕೋತಿದಾರಲ್ಲ. ನಮ್ಮನೆಯವರಾಗಿದ್ರೆ ಇಷ್ಟು ಹೊತ್ತಿಗೆ ಇನ್ನೊಂದು ಮದ್ವೆ ಮಾಡ್ಕೊಂಡಿರ್ತಿದ್ರು."

ಸಂಜೆಯೊಳಗೆ ಇಡೀ ಬೀದಿಗೆ ಆ ಸುದ್ದಿ ಮುಟ್ಟಿತು. ಇವರಿಗೆ ಒಳ್ಳೆಯ ಗಂಡನೆಂಬ ಹೆಸರು ಬಂತು, ನನಗಿದ್ದ ಹೆಸರು ಇನ್ನಷ್ಟು ಗಟ್ಟಿಯಾಯಿತು. "ನಾನು ನಿಜ ಹೇಳ್ದೆ ಕಣೇ" ಎಂದು ಇವರು ಮುಖ ಸಪ್ಪಗೆ ಮಾಡಿಕೊಂಡು ನನ್ನ ಹಿಂದೆ ಹಿಂದೆ ಬಂದರು. ಬೈಯೋಣವೆಂದರೆ ಬೈಯಲು ಏನೂ ಇರಲಿಲ್ಲ. ಇಂಜೆಕ್ಷನ್ ಅಷ್ಟು ಚೆನ್ನಾಗಿ ಹಿಡಿದಿತ್ತು.