ಸುರಗಿ ದಂಡೆ ಮುಡಿದ ಅಮ್ಮಮ್ಮ

ನಮ್ಮ ಅಮ್ಮಮ್ಮ, ಅಂದರೆ ನನ್ನನ್ನು ಹೆತ್ತ ಆಯಿಯ ತಾಯಿ, ಹೆಬ್ಬೆರಳಿಗಿಂತ ತುಸು ದೊಡ್ಡವಳು. ಕಂದು ಹಿನ್ನೆಲೆಯಲ್ಲಿ ಬೆಳ್ಳಗೆ ಉಬ್ಬಿ ನಿಂತು ಬಲಗಡೆ ನೋಡುತ್ತಿದ್ದಾಳೆ. ಸುತ್ತ ಹಳದಿ ಲೋಹದ ಕಟ್ಟು, ಬೆನ್ನಿಗೊಂದು ಪಿನ್ನು. ಸೆರಗಿಗೆ ಚುಚ್ಚಿಕೊಳ್ಳುವ ಒಡವೆ ಅದು. ಆಯಿಯನ್ನು ಹೆತ್ತು ಹನ್ನೊಂದು ದಿನಕ್ಕೆ ತೀರಿಕೊಂಡ ಅಮ್ಮಮ್ಮನದು ಒಂದು ಫೋಟೋ ಕೂಡ ಇಲ್ಲ. ಅವಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಇದೊಂದೇ. ಸಾಕಿದ ಸೋದರತ್ತೆ ಅದನ್ನು ಆಯಿಯ ಕೈಗೆ ಕೊಟ್ಟು "ನೋಡು, ಇದೇ ನಿನ್ನ ಆಯಿ" ಎಂದಳಂತೆ. ಅಳುವ ಮಗುವನ್ನು ಸುಮ್ಮನಿರಿಸಲು ಹೇಳಿದ್ದೋ ಏನೋ. ಆಯಿಗೆ ಈಗ ಎಂಬತ್ತು ದಾಟಿದೆ, ಇನ್ನೂ ನಂಬಿಕೊಂಡಿದ್ದಾಳೆ.

ನಂಬಿಕೆಗೆ ಸಾಕ್ಷಿಗಳೂ ಇದ್ದವು. ಒಡವೆಯ ಹೆಂಗಸು ತುರುಬಿನ ಸುತ್ತ ಗುಂಡುಗುಂಡಾದ ಏನನ್ನೋ ಮುಡಿದಿದ್ದಳು. ಅದು ಸುರಗಿ ಮೊಗ್ಗಿನ ದಂಡೆ ಎಂಬುದರಲ್ಲಿ ನಮ್ಮ ಕಡೆಯ ಯಾವ ಹೆಂಗಸಿಗೂ ಅನುಮಾನ ಬಂದಿರಲಿಲ್ಲ. ಅವಳ ಮೂಗಿನ ತುದಿ ಚಪ್ಪಟೆ. ಆಯಿಯದೂ ಚಪ್ಪಟೆ, ನನ್ನದೂ ಚಪ್ಪಟೆ. ಇನ್ನೇನು ಬೇಕು? ಪ್ರತಿ ವರ್ಷ ಅಮ್ಮಮ್ಮನ ತಿಥಿಯ ದಿನ ಆಯಿ ಅವಳನ್ನು ಮಣೆಯ ಮೇಲಿಟ್ಟು, ಮುಂದೆ ಪುಟ್ಟ ಬಾಳೆಲೆ ಹಾಕಿ, ವಡೆ ಪಾಯಸ ಬಡಿಸುತ್ತಿದ್ದಳು. ಬಾಕಿ ದಿನಗಳಲ್ಲಿ ಮುಷ್ಟಿಯೊಳಗೆ ಹಿಡಿದು ಹೆಬ್ಬೆರಳಿನಿಂದ ಸವರುತ್ತಾ ಕೂತಿರುತ್ತಿದ್ದಳು.

ಹೋದ ವರ್ಷ ಆಯಿಯ ದೃಷ್ಟಿ ಮಬ್ಬಾಯಿತು. ಪೊರೆಯಲ್ಲ, ಒಳಗಿನ ಪರದೆಯೇ ಸವೆದಿದೆ, ಕಾಣುವಷ್ಟು ದಿನ ಕಾಣುತ್ತದೆ ಎಂದರು ಕಣ್ಣಿನ ಡಾಕ್ಟರು. ಆಸ್ಪತ್ರೆಯಿಂದ ಶಿರಸಿಯ ನಮ್ಮ ಮನೆಗೆ ಬರುವಾಗ ಆಟೋದಲ್ಲಿ ಆಯಿ ಹೇಳಿದಳು: "ಕೂಸೆ, ಆಯಿನ ಒಂದ್ಸಲ ದೊಡ್ಡದಾಗಿ ನೋಡವು. ಫೋಟೋ ಮಾಡ್ಸಿ ಕೊಡು. ಕಣ್ಣು ಹೋಗೂದ್ರೊಳಗೆ." ಅರವತ್ತು ದಾಟಿದ ನನ್ನನ್ನು ಕೂಸೇ ಎನ್ನುವವಳು ಅವಳೊಬ್ಬಳೇ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಸ್ಟುಡಿಯೋದವನು ಬನವಾಸಿ ಕಡೆಯವನು. ಒಡವೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋದ ಕೆಳಗ ಜನನ ಮರಣ ಹಾಕ್ಬೇಕಲ್ರಿ, ಇಸವಿ ತರ್ರಿ" ಎಂದ. ತಿಥಿ ಗೊತ್ತು, ಪುಷ್ಯ ಬಹುಳ ಚೌತಿ. ಇಸವಿ ಯಾರಿಗೂ ಗೊತ್ತಿಲ್ಲ. ಆಯಿ ಹುಟ್ಟಿದ ವರ್ಷವೇ ಶಾಲೆಯ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು. ಒಡವೆಯ ವಯಸ್ಸು ತಿಳಿದರೆ ಅಮ್ಮಮ್ಮನ ವಯಸ್ಸು ತಾನಾಗಿ ತಿಳಿಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಆಗ ಅದು ಬಹಳ ಬುದ್ಧಿವಂತಿಕೆ ಅನ್ನಿಸಿತ್ತು. ನಾನು ಮೊದಲಿನಿಂದ ಹಾಗೆಯೇ, ಯಾವುದನ್ನೂ ಇದ್ದ ಹಾಗೆ ಬಿಡುವ ಜಾಯಮಾನ ನನ್ನದಲ್ಲ.

ಮೊದಲು ಹೋದದ್ದು ಸಿದ್ದಾಪುರಕ್ಕೆ, ಅಮ್ಮಮ್ಮನ ತವರಿಗೆ ಒಡವೆ ಮಾಡಿಕೊಡುತ್ತಿದ್ದ ಅಕ್ಕಸಾಲಿಯ ಮೊಮ್ಮಗನ ಅಂಗಡಿಗೆ. ಅವನು ಒರೆಗಲ್ಲಿಗೆ ತಿಕ್ಕಿ, "ಹಿತ್ತಾಳೆ ಅಕ್ಕಾ. ಮೇಲಿಂದ ಬಂಗಾರದ ನೀರು" ಎಂದ. ಕಾಲ ಯಾವುದು ಎಂದೆ. ಹೆಂಗಸಿನ ಮುಖವನ್ನು ಬಹಳ ಹೊತ್ತು ದಿಟ್ಟಿಸಿದ. "ನಮ್ಮಜ್ಜ ಮಾಡಿದ್ದಂತೂ ಅಲ್ಲ. ಅಜ್ಜ ಮಾಡಿದ್ರೆ ಮೂಗಿಗೆ ತೂತು ಇಡದೆ ಬಿಡ್ತಿರ್ಲಿಲ್ಲ. ಮೂಗುತಿ ಇಲ್ದೆ ಎಂಥಾ ಭಣಭಣ ನೋಡಿ. ಈಗ್ಲೇ ಒಂದು ತೂತು ಹೊಡೆದು ಕೊಡ್ಲಾ?" ಎಂದವನು ಮಾತು ಮುಗಿಯುವ ಮೊದಲೇ ಡ್ರಿಲ್ಲು ಹುಡುಕತೊಡಗಿದ. ಅಮ್ಮಮ್ಮನನ್ನು ಕಸಿದುಕೊಂಡು ಅಂಗಡಿಯ ಮೆಟ್ಟಿಲಿಳಿದೆ.

ಆಮೇಲೆ ಯಲ್ಲಾಪುರ. ನನ್ನ ಸಹಪಾಠಿಯೊಬ್ಬಳ ಗಂಡ ಅಲ್ಲಿದ್ದಾರೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹಳೆಯ ವಸ್ತುಗಳ ಹುಚ್ಚು ಉಂಟು ಎಂದು ಕೇಳಿದ್ದೆ. ಅವರು ಒಡವೆಯ ಹಿಂದೆ ಟಾರ್ಚು ಹಿಡಿದರು. ಬೆಳಕು ಹಾದು ಹೆಂಗಸು ಗುಲಾಬಿಯಾದಳು. "ಕಲ್ಲಲ್ಲ, ಸಮುದ್ರದ ಚಿಪ್ಪು. ಇದಕ್ಕೆ ಕ್ಯಾಮಿಯೋ ಅಂತಾರೆ" ಎಂದು ಮೊದಲು ಚಿಪ್ಪಿನೊಳಗಿದ್ದ ಹುಳುವಿನ ಕುಲಗೋತ್ರ ಹೇಳಿದರು. ಅದಕ್ಕೇ ಅರ್ಧ ತಾಸು ಹೋಯಿತು. ಹೆಂಗಸಿನ ಸರದಿ ಆಮೇಲೆ ಬಂತು. ಭೂತಗನ್ನಡಿಯಲ್ಲಿ ಉಳಿಯ ಗೆರೆ ಕಾಣುತ್ತದೆ, ಆದ್ದರಿಂದ ಅಚ್ಚಲ್ಲ, ಕೈಯಲ್ಲಿ ಕೊರೆದದ್ದು. ಪಿನ್ನಿನ ತುದಿ ಕಟ್ಟಿನಿಂದ ಆಚೆ ಚಾಚಿದೆ, ಕೊಕ್ಕೆಗೆ ಚಿಲಕವಿಲ್ಲ, ಆದ್ದರಿಂದ ಹಳತು.

"ನೂರಿಪ್ಪತ್ತು ವರ್ಷಕ್ಕೆ ಕಡಿಮೆ ಇಲ್ಲ. ನಿಮ್ಮ ಅಜ್ಜಿ ಹುಟ್ಟೂದಕ್ಕಿಂತ ಮೊದಲೇ ಇವಳು ಇದ್ಲು. ಗ್ರೀಕರ ಹೆಂಡದ ದೇವರ ಭಕ್ತೆ ಇವಳು."

"ಸುರಗಿ ದಂಡೆ ಮುಡಿದಿದ್ದಾಳಲ್ಲ?" ಎಂದೆ.

"ಅದು ದ್ರಾಕ್ಷಿ."

ಅಷ್ಟೂ ವರ್ಷಗಳ ವಡೆ ಪಾಯಸ ನನ್ನ ಕಣ್ಣ ಮುಂದೆ ಬಂತು. ಪ್ರಾಣಿಶಾಸ್ತ್ರದ ಮೇಷ್ಟ್ರು ನಿಲ್ಲಿಸಲಿಲ್ಲ. "ಮೂಗು ನೋಡಿದ್ರೆ ಇನ್ನೂ ಖಚಿತವಾಗಿ ಕಾಲ ಹೇಳಬಹುದಿತ್ತು. ಇವಳದ್ದು ನೇರ, ಚೂಪು ಮೂಗು ಇದ್ದಿರಬೇಕು. ಯಾರೋ ಪುಣ್ಯಾತ್ಮರು ತಿಕ್ಕಿ ತಿಕ್ಕಿ ಚಪ್ಪಟೆ ಮಾಡಿಟ್ಟಿದ್ದಾರೆ!" ಎಂದು ಬೇಸರಪಟ್ಟುಕೊಂಡರು. ಆ ಪುಣ್ಯಾತ್ಮರು ಯಾರೆಂದು ನಾನು ಹೇಳಲಿಲ್ಲ. ಅವರು ತಾವು ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು.

ಬಸ್ಸಿನಲ್ಲಿ ಕೂತು ಆ ಚೀಟಿಯನ್ನು ನಾಲ್ಕು ಸಲ ಓದಿದೆ. ಆಯಿಗೆ ಹೇಳಬೇಕೋ ಬೇಡವೋ? ಸುಳ್ಳನ್ನು ಗೋಡೆಗೆ ತೂಗುಹಾಕಲು ಮನಸ್ಸಿಲ್ಲ. ಕಣ್ಣು ಹೋಗುತ್ತಿರುವವಳ ಕೈಯಿಂದ ತಾಯಿಯನ್ನು ಕಿತ್ತುಕೊಳ್ಳಲು ಧೈರ್ಯವಿಲ್ಲ. ಮೊದಲ ಬಾರಿಗೆ ನನ್ನ ಚುರುಕುತನದ ಮೇಲೆ ನನಗೇ ಸಿಟ್ಟು ಬಂತು. ಫೋಟೋ ತೋರಿಸಿ, ಅವಳು ಕಣ್ತುಂಬ ನೋಡಿದ ಮೇಲೆ ಮೆಲ್ಲಗೆ ಹೇಳುವುದು ಎಂದು ತೀರ್ಮಾನಿಸಿದೆ.

ಸ್ಟುಡಿಯೋದವನಿಗೆ ಬೇರೆ ಚಿಂತೆ ಇತ್ತು. "ಗ್ವಾಡಿಗೆ ಹಾಕೋ ಫೋಟೋದಾಗ ಮಾರಿ ಆ ಕಡೆ ತಿರುವಿದ್ರ ಮನಿಯವ್ರ ಮ್ಯಾಲೆ ಸಿಟ್ಟು ಮಾಡ್ಕೊಂಡಂಗ ಕಾಣ್ತೈತ್ರಿ. ಕಂಪ್ಯೂಟರ್‌ನಾಗ ಈ ಕಡೆ ತಿರುಗಿಸ್ತೀನಿ. ಆದ್ರ ಅಜ್ಜಿಗೆ ಕಣ್ಣಿಲ್ಲ, ಬರೇ ಬಿಳಿ ಐತಿ. ನಿಮ್ಮ ಪೈಕಿ ಯಾರದಾದ್ರೂ ಕಣ್ಣು ಕೊಡ್ರಿ" ಎಂದ. ನನ್ನ ಮೊಬೈಲಿನಲ್ಲಿ ಆ ಹೊತ್ತಿಗೆ ಸಿಕ್ಕಿದ್ದು ಆಸ್ಪತ್ರೆಗೆಂದು ತೆಗೆದಿಟ್ಟ ಆಯಿಯ ಆಧಾರ್ ಕಾರ್ಡು. ಅದನ್ನೇ ಕಳಿಸಿದೆ. ಇಸವಿ ಬೇಡ, ತಿಥಿ ಮಾತ್ರ ಹಾಕು ಎಂದು ಹೇಳಿ, ಒಡವೆಯನ್ನು ಮನೆಗೆ ತಂದು ಆಯಿಗೆ ವಾಪಸು ಕೊಟ್ಟೆ.

ವಾರದ ಮೇಲೆ ಕಟ್ಟು ಹಾಕಿಸಿದ ಫೋಟೋ ಬಂತು. ಹೆಂಡದ ದೇವರ ಭಕ್ತೆ ಹಸಿರು ಇಳಕಲ್ ಸೀರೆಯುಟ್ಟು, ಕಾಸಗಲ ಕುಂಕುಮವಿಟ್ಟು, ಮೂಗುತಿ ತೊಟ್ಟು ನಮ್ಮ ಕಡೆ ನೋಡುತ್ತಿದ್ದಳು. ಆಧಾರ್ ಕೇಂದ್ರದಲ್ಲಿ ಆಯಿ ನೋಡಿದಂತೆಯೇ, ಕೊಂಚ ಗಾಬರಿಯಿಂದ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೊತ್ತಿ ಹಿಡಿದೆ.

ಆಯಿ ಅದನ್ನು ಕಿಟಕಿಯ ಬೆಳಕಿಗೆ ಒಯ್ದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಾನು ಚೀಟಿಯನ್ನು ಬ್ಯಾಗಿನಿಂದ ಹೊರಗೆ ತೆಗೆದಿದ್ದೆ.

"ಕಣ್ಣು ಯನ್ನ ಹಂಗೇ ಇದ್ದು ಕೂಸೆ" ಎಂದಳು. "ಇಷ್ಟು ವರ್ಷ ಆತು, ಒಬ್ಬರಾದ್ರೂ ಯಂಗೆ ಹೇಳಿದ್ವಿಲ್ಲೆ."

ನನ್ನ ನಗು ಎತ್ತ ಹೋಯಿತೋ. "ಹೌದು ಆಯಿ, ಹಂಗೇ ಇದ್ದು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚೀಟಿಯನ್ನು ಮಡಚಿ ವಾಪಸು ಬ್ಯಾಗಿಗೆ ಹಾಕಿದೆ.

ಫೋಟೋವನ್ನು ಮಡಿಲಲ್ಲಿಟ್ಟುಕೊಂಡೇ ಆಯಿ ಸೊಂಟದಿಂದ ಒಡವೆ ತೆಗೆದು, ಒಮ್ಮೆ ಮೂಗು ಸವರಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಯಂಗೆ ಇನ್ನು ಇದು ಸಾಕು. ಅದನ್ನ ನೀನೇ ಇಟ್ಗ. ಮುಂದೆ ನಿಂಗೂ ಒಂದು ಆಯಿ ಬೇಕಾಗ್ತು."